ಔಟೇ ಆಗದ ಆಟಗಾರ

ಕಬಡ್ಡಿಯಲ್ಲಿ ಎದುರಾಳಿ ಮುಟ್ಟಿ ಮರಳಿದರೆ ನೀವು ಔಟು. ಅದು ನಿಮಗೂ ಗೊತ್ತು, ನನಗೂ ಗೊತ್ತು, ಬೀದಿಯಲ್ಲಿ ಆಡುವ ಎಳೆಯ ಮಕ್ಕಳಿಗೂ ಗೊತ್ತು. ಆದರೆ ಓದುಗರೇ, ‘ಅವನು ನನ್ನನ್ನು ಮುಟ್ಟಿದ’ ಎಂದು ಬಾಯಿಬಿಟ್ಟು ಹೇಳುವುದೇ ಮಾನಗೇಡು ಎಂದು ಒಂದು ಊರಿಗೆ ಊರೇ ನಂಬಿದ್ದರೆ, ಆ ಊರಿನ ಬಯಲಿನಲ್ಲಿ ನಡೆಯುವುದನ್ನು ನೀವು ಆಟವೆಂದು ಕರೆಯುತ್ತೀರಾ?

ನಾನು ಕರೆಯಲಾರೆ. ಆದರೆ ಅದನ್ನು ಆಟವೆಂದು ಕರೆದು, ಮಾವಿನ ತೋರಣ ಕಟ್ಟಿ, ಧ್ವನಿವರ್ಧಕದ ಮುಂದೆ ನಿಂತು, ‘ಕ್ರೀಡೆಯೇ ರಾಷ್ಟ್ರದ ಏಕತೆಗೆ ಸಾಧನ’ ಎಂದು ಭಾಷಣ ಮಾಡುವ ದೊಡ್ಡವರ ಜೊತೆಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಆ ವರ್ಷಗಳಲ್ಲಿ ಕಂಡದ್ದನ್ನು ಬರೆಯುವಾಗ ಇಂದಿಗೂ ನನ್ನ ರಕ್ತ ಕುದಿಯುತ್ತದೆ. ಕುದಿಯುವುದು ತಪ್ಪೆಂದು ನನಗೆ ಅನ್ನಿಸಿಲ್ಲ.

ಹಾಸನದ ಕಾಲೇಜಿನಲ್ಲಿ ಓದುತ್ತಿದ್ದಾಗ ನನಗೆ ಚರ್ಚಾಕೂಟದ ಹುಚ್ಚು. ಹೊಳೆನರಸೀಪುರದ ಮನೆಯಿಂದ ತಂದ ಬುತ್ತಿಯನ್ನು ಬಿಚ್ಚುವ ಮೊದಲೇ ಓದುವ ಕೊಠಡಿಯಲ್ಲಿ ಪತ್ರಿಕೆಗಳನ್ನು ಬಿಚ್ಚುತ್ತಿದ್ದೆ. ಆಫ್ರಿಕದ ದೇಶಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ ಕಾಲವದು. ಭೂಪಟದಲ್ಲಿ ಆ ಹೆಸರುಗಳನ್ನು ಹುಡುಕುವಾಗ ನಮ್ಮದೇ ಮನೆಯಲ್ಲಿ ತೊಟ್ಟಿಲು ಕಟ್ಟಿದಷ್ಟು ಸಂಭ್ರಮ ನನಗೆ. ಒಂದು ವರ್ಷ ಚರ್ಚೆಗೆ ಇಟ್ಟ ವಿಷಯ ಇದು: ‘ಹೊಸದಾಗಿ ಸ್ವತಂತ್ರವಾದ ಆಫ್ರಿಕದ ರಾಷ್ಟ್ರಗಳನ್ನು ಕಟ್ಟಲು ಪುಸ್ತಕಕ್ಕಿಂತ ಚೆಂಡು ಮೇಲು.’ ನಾನು ಚೆಂಡಿನ ಪರ. ಹತ್ತಾರು ಭಾಷೆಗಳ, ಹತ್ತಾರು ಬುಡಕಟ್ಟುಗಳ ಜನ ಒಂದೇ ಬಾವುಟದ ಕೆಳಗೆ ಬಂದಿರುವಾಗ, ಅವರೆಲ್ಲರಿಗೂ ಅರ್ಥವಾಗುವ ಮೊದಲ ಭಾಷೆ ಆಟವೇ ಎಂದು ವಾದಿಸಿದೆ. ಎದುರು ಪಕ್ಷದ ಗೆಳೆಯನೊಬ್ಬ ಎದ್ದು, ‘ಹಾಗಾದರೆ ಮಾನ್ಯ ಮಿತ್ರರು ಮುಂದಿನ ಪರೀಕ್ಷೆಯನ್ನು ಕಾಲಿನಿಂದ ಬರೆಯಲಿ’ ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಬಹುಮಾನ ಮಾತ್ರ ನನಗೇ ಬಂತು.

ಅದೇ ನಂಬಿಕೆಯನ್ನು ಹೊತ್ತುಕೊಂಡು, ಪದವಿ ಮುಗಿದ ಮೇಲೆ ಅರಕಲಗೂಡು ಸೀಮೆಯಲ್ಲಿ ಸಮಾಜ ಶಿಕ್ಷಣದ ಕೆಲಸಕ್ಕೆ ಸೇರಿದೆ. ಹಳ್ಳಿಗಳಲ್ಲಿ ಯುವಕ ಮಂಡಳಿಗಳನ್ನು ಕಟ್ಟುವುದು, ರಾತ್ರಿ ಶಾಲೆ ನಡೆಸುವುದು, ಆಟದ ಸಾಮಾನು ಹಂಚುವುದು ನನ್ನ ಪಾಲಿನ ಕೆಲಸ. ಸಾಮಾನು ಕೊಡಲು ನಾನು ಒಂದೇ ಷರತ್ತು ಹಾಕುತ್ತಿದ್ದೆ: ಮಂಡಳಿಯಲ್ಲಿ ಊರವರ ಜೊತೆಗೆ ಊರಾಚೆಯ ಕೇರಿಯವರೂ ಸದಸ್ಯರಾಗಿರಬೇಕು, ತಂಡದಲ್ಲಿ ಆಡಬೇಕು. ಕಾಗದದ ಮೇಲೆ ಎಲ್ಲರೂ ಒಪ್ಪಿದರು. ನನಗೆ ಬೀಗುವಷ್ಟು ಸಂತೋಷವಾಯಿತು.

ಆ ಷರತ್ತಿನಿಂದಾಗಿ ಮಲ್ಲಿಪಟ್ಟಣದ ಕಡೆಯ ಒಂದು ಮಂಡಳಿಯ ಕಬಡ್ಡಿ ತಂಡಕ್ಕೆ ಕೇರಿಯ ಯುವಕನೊಬ್ಬ ಸೇರಿದ. ಹೈಸ್ಕೂಲು ಮುಗಿಸಿದ್ದ, ನೀಳ ತೋಳು, ಸಣ್ಣ ನಡು, ಎಳೆದರೆ ಮುಗಿಯದ ಉಸಿರು. ಅವನಿಗಿದ್ದ ಆಸೆ ಒಂದೇ, ಡ್ರಿಲ್ ಮೇಷ್ಟ್ರಾಗುವುದು. ವ್ಯಾಯಾಮ ಶಿಕ್ಷಕರ ತರಬೇತಿಗೆ ಆಯ್ಕೆ ಮಾಡುವಾಗ ಜಿಲ್ಲೆಯ ಮಟ್ಟದಲ್ಲಿ ಆಡಿದವರಿಗೆ ಮೊದಲ ಮಣೆ ಸಿಗುತ್ತಿತ್ತು. ಜಿಲ್ಲೆಯ ಮಟ್ಟಕ್ಕೆ ಹೋಗಬೇಕಾದರೆ ತಾಲ್ಲೂಕಿನ ತಂಡದಲ್ಲಿ ಸ್ಥಾನ ಬೇಕು. ತಾಲ್ಲೂಕಿನ ತಂಡಕ್ಕೆ, ಪಂದ್ಯಗಳಲ್ಲಿ ಹೆಚ್ಚು ಪಾಯಿಂಟು ತಂದವರನ್ನು ಆರಿಸುತ್ತಿದ್ದರು. ತರಬೇತಿಗೆ ವಯಸ್ಸಿನ ಮಿತಿಯೂ ಇತ್ತು. ಅವನ ಪಾಲಿಗೆ ಅದೇ ಕೊನೆಯ ವರ್ಷ. ಅವನ ಬದುಕಿನ ದಾರಿ ಆ ವರ್ಷದ ಕಬಡ್ಡಿಯ ಅಂಗಳದ ಮೂಲಕವೇ ಹಾಯುತ್ತಿತ್ತು.

ಮೊದಲ ಸುತ್ತಿನ ಪಂದ್ಯಗಳಾದ ಮೇಲೆ ಅವನು ನನ್ನ ಕಚೇರಿಯ ಬಾಗಿಲಿಗೆ ಬಂದು ನಿಂತ. ಒಳಗೆ ಕರೆದು ಕೂರಿಸಿ ಕೇಳಿದೆ:

‘ಎಷ್ಟು ಪಾಯಿಂಟ್ ತಂದೆಯಪ್ಪಾ?’

‘ಒಂದೂ ಇಲ್ಲ ಸಾ.’

‘ಎಷ್ಟು ಸಲ ಔಟಾದೆ?’

‘ಅದೂ ಇಲ್ಲ ಸಾ.’

‘ಹಾಗೆಂದರೇನು? ಒಳಗೆ ಹೋದವನು ಎರಡರಲ್ಲಿ ಒಂದಾದರೂ ಆಗಬೇಕಲ್ಲ?’

‘ಅದನ್ನೇ ನಿಮ್ಮುನ್ನ ಕೇಳಾನ ಅಂತ ಬಂದೆ ಸಾ. ಓಯ್ತೀನಿ, ಮುಟ್ತೀನಿ, ವಾಪಸ್ ಬತ್ತೀನಿ. ಮುಟ್ಟೇ ಇಲ್ಲ ಅಂತಾರೆ. ಸರಿ ಇಡ್ಕಳ್ರಪ್ಪ ಅಂತ ಎದೆ ಕೊಟ್ಟು ನಿಂತ್ಕಂಡ್ರೂ ಇಡ್ಕಳಾಕಿಲ್ಲ, ಇಂದ್ಕಿಂದ್ಕೆ ಓಯ್ತಾರೆ. ಪಾಯಿಂಟೂ ಇಲ್ಲ, ಔಟೂ ಇಲ್ಲ. ನಾನೇನು ಮನ್ಸನಾ, ಬೀಸೋ ಗಾಳಿಯಾ, ನೀವೇ ಯೋಳಿ ಸಾ.’

ಹೇಳಿ ನಕ್ಕ. ನನಗೆ ನಗು ಬರಲಿಲ್ಲ. ಅವನ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದೆಂದುಕೊಂಡೆ. ಮುಂದಿನ ಪಂದ್ಯವನ್ನು ನಾನೇ ಬಂದು ನೋಡುತ್ತೇನೆಂದು ಮಾತು ಕೊಟ್ಟೆ.

ಅದೇ ವಾರ ಹಾಸನದಲ್ಲಿ ನಾನು ಓದಿದ ಕಾಲೇಜಿನವರು ಒಬ್ಬ ಅತಿಥಿಯನ್ನು ಕರೆಸಿದ್ದರು. ಪೂರ್ವ ಆಫ್ರಿಕದವರು, ಬೆಂಗಳೂರಿನಲ್ಲಿ ವ್ಯವಸಾಯ ಶಾಸ್ತ್ರ ಓದುತ್ತಿದ್ದವರು. ಹಳೆಯ ಚರ್ಚಾಪಟುವೆಂದು ನನ್ನನ್ನೂ ಸಭೆಗೆ ಕರೆದರು. ಆಫ್ರಿಕದ ಆಟಗಾರನೆಂದರೆ ಜಿಂಕೆಯಂತೆ ಓಡುವವನೆಂದು ಕಲ್ಪಿಸಿಕೊಂಡು ಬಂದಿದ್ದ ಸಭೆಗೆ, ಗಿಡ್ಡಗೆ ದುಂಡಗೆ ಇದ್ದ ಆತನನ್ನು ಕಂಡು ಸ್ವಲ್ಪ ನಿರಾಸೆಯಾಯಿತು. ಅದನ್ನು ಗಮನಿಸಿದವರಂತೆ ಆತ ಇಂಗ್ಲಿಷಿನಲ್ಲಿ ಶುರು ಮಾಡಿದರು: ‘ನಾನು ಗೋಲ್ ಕೀಪರ್. ಗೋಲಿನ ಅರ್ಧವನ್ನು ನನ್ನ ಹೊಟ್ಟೆಯೇ ಮುಚ್ಚುತ್ತಿತ್ತು. ಉಳಿದ ಅರ್ಧಕ್ಕೆ ಮಾತ್ರ ನಾನು ಶ್ರಮ ಪಡಬೇಕಾಗಿತ್ತು.’

ಆಮೇಲೆ ಆತ ಹೇಳಿದ ಸಂಗತಿ ನನ್ನ ಬಹುಮಾನದ ವಾದವನ್ನು ಬುಡಸಹಿತ ಅಲ್ಲಾಡಿಸಿತು. ಅವರ ತಂಡದಲ್ಲಿ ನಾಲ್ಕು ಭಾಷೆಯವರಿದ್ದರಂತೆ. ಸರ್ಕಾರ ಬೇಕೆಂದೇ ಹಾಗೆ ಸೇರಿಸಿತ್ತು. ಒಂದೇ ಬಣ್ಣದ ಅಂಗಿ, ಒಂದೇ ರಾಷ್ಟ್ರಗೀತೆ. ಆದರೆ ಚೆಂಡು ಕಾಲಿಗೆ ಸಿಕ್ಕಿತೆಂದರೆ ಪ್ರತಿಯೊಬ್ಬನೂ ತನ್ನ ಭಾಷೆಯವನಿಗೇ ಒದೆಯುತ್ತಿದ್ದ. ಗೋಲಿನ ಎದುರು ಬೇರೆ ಭಾಷೆಯವನು ಒಂಟಿಯಾಗಿ ನಿಂತು ಕೈ ಬೀಸಿದರೂ ಕಾಣುತ್ತಿರಲಿಲ್ಲ. ಕೊನೆಗೆ ಅವರಿಗೆ ಆಟ ಕಲಿಸುತ್ತಿದ್ದವರು ಅಭ್ಯಾಸಕ್ಕೆ ಒಂದು ನಿಯಮ ತಂದರು: ಬೇರೆ ಭಾಷೆಯವನು ಕೊಟ್ಟ ಚೆಂಡಿನಿಂದ ಹೊಡೆದರೆ ಮಾತ್ರ ಅದು ಗೋಲು, ಇಲ್ಲವಾದರೆ ಲೆಕ್ಕಕ್ಕಿಲ್ಲ. ‘ಒಂದು ವಾರ ಯಾರೂ ಗೋಲು ಹೊಡೆಯಲಿಲ್ಲ,’ ಎಂದರು ಆತ. ‘ನಾನು ಆರಾಮಾಗಿ ನಿಂತಿದ್ದೆ. ಆಮೇಲೆ ಕೆಲಸ ಶುರುವಾಯಿತು. ಮಿತ್ರರೇ, ಆಟ ನಮ್ಮನ್ನು ಒಂದು ಮಾಡಿತು ಎಂದು ಮಂತ್ರಿಗಳು ಹೇಳುತ್ತಾರೆ. ಆಟ ಮಾಡಲಿಲ್ಲ. ಆ ನಿಯಮ ಮಾಡಿತು. ಅದೂ ಅದನ್ನು ಪಾಲಿಸಿದ ದಿನಗಳಲ್ಲಿ ಮಾತ್ರ.’

ಸಭೆ ಚಪ್ಪಾಳೆ ತಟ್ಟಿತು. ಹಳ್ಳಿಯ ಆಟವೊಂದನ್ನು ನೋಡಬೇಕೆಂದು ಆತನೇ ಕೇಳಿದರು. ಮರುದಿನ ಬಸ್ಸಿನಲ್ಲಿ ಕೂರಿಸಿಕೊಂಡು ಆ ಪಂದ್ಯ ನಡೆಯುವ ಹಳ್ಳಿಗೆ ಕರೆದುಕೊಂಡು ಹೊರಟೆ. ಹಳ್ಳಿಯ ಹೆಸರು ಬೇಡ. ಹೆಸರು ಹೇಳಿದರೆ ಉಳಿದ ಹಳ್ಳಿಗಳು ತಮ್ಮ ಪಾಡಿಗೆ ತಾವು ಶುದ್ಧರೆಂದು ಕೂರುತ್ತವೆ.

ಬಯಲಿನ ಅಂಚಿನಲ್ಲಿ ನಮ್ಮ ಸುತ್ತ ಜನ ಮುತ್ತಿದರು. ತಲೆಗೆ ವಸ್ತ್ರ ಸುತ್ತಿದ್ದ ವಯಸ್ಸಾದ ರೈತರೊಬ್ಬರು ಅತಿಥಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನನ್ನು ಕೇಳಿದರು:

‘ಇವ್ರ ದೇಸ್ದಾಗೆ ಏನ್ ಬೆಳೀತಾರೆ ಸಾ?’

ಇಂಗ್ಲಿಷಿನಲ್ಲಿ ಕೇಳಿ ಹೇಳಿದೆ: ಜೋಳ, ಬಾಳೆ, ಜೊತೆಗೆ ರಾಗಿ.

‘ರಾಗಿಯಾ! ಲೇ, ಇವ್ರೂ ರಾಗಿ ತಿನ್ನೋರಂತೆ ಕಣ್ರಲಾ!’ ಎಂದು ಆತ ಬಯಲಿಗೆಲ್ಲ ಕೇಳುವಂತೆ ಕೂಗಿದರು. ‘ಅಂಗಾರೆ ನಮ್ಮೋರೇ ಬುಡಿ ಸಾ. ಕೂತ್ಕಳಿ, ಕೂತ್ಕಳಿ. ಯಾರ್ಲಾ ಅಲ್ಲಿ, ಎಳನೀರ್ ತತ್ತಾ.’

ಕುರ್ಚಿ ಬಂತು. ಎಳನೀರು ಬಂತು. ಅತಿಥಿಯ ತೋಳು ಹಿಡಿದು ಕೂರಿಸಿದರು. ಸಮುದ್ರದಾಚೆಯಿಂದ ಬಂದವರು ಒಂದು ಹಿಡಿ ರಾಗಿಯ ಬಲದಿಂದ ಕ್ಷಣದಲ್ಲಿ ‘ನಮ್ಮವರು’ ಆದದ್ದನ್ನು ಕಂಡು ನನ್ನ ಕಣ್ಣು ತುಂಬಿತು. ಅದೇ ಹೊಲದ ರಾಗಿಯನ್ನು ಕೊಯ್ದು, ಬಡಿದು, ಅದೇ ಮುದ್ದೆಯನ್ನು ಉಂಡು ಬೆಳೆದ ಯುವಕ ಬಯಲಿನ ಇನ್ನೊಂದು ತುದಿಯಲ್ಲಿ ತಂಡದವರಿಂದ ಎರಡು ಮಾರು ದೂರದಲ್ಲಿ ನಿಂತು ಕಾಲು ಜಾಡಿಸುತ್ತಿದ್ದ.

ಪಂದ್ಯ ಶುರುವಾಯಿತು. ಎದುರು ತಂಡ ಆ ಊರಿನದೇ. ತೀರ್ಪುಗಾರರು ಪಟ್ಟಣದಿಂದ ಬಂದ ಹಿರಿಯ ಡ್ರಿಲ್ ಮೇಷ್ಟ್ರು. ಕ್ರೀಡಾಕೂಟದ ಸಮಿತಿಗೆ ಆ ಊರಿನ ಯಜಮಾನರೊಬ್ಬರು ಅಧ್ಯಕ್ಷರು. ದೊಡ್ಡ ಜಮೀನು, ದೊಡ್ಡ ನಗು, ಮನೆಗೆ ಬಂದವರಿಗೆ ಊಟ ಹಾಕದೆ ಕಳಿಸದವರು. ಅವರು ನಮ್ಮ ಪಕ್ಕದಲ್ಲೇ ಕೂತಿದ್ದರು.

ನಮ್ಮ ಯುವಕನ ಸರದಿ ಬಂತು. ನಡುಗೆರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಳನುಗ್ಗಿದ. ಮೂಲೆಯಲ್ಲಿದ್ದವನ ಭುಜಕ್ಕೆ ಪಟ್ಟೆಂದು ಹೊಡೆದ; ಆ ಸದ್ದು ನಮಗೂ ಕೇಳಿಸಿತು. ಮರಳಿ ಬಂದ. ತೀರ್ಪುಗಾರರು ಆ ಮೂಲೆಯವನ ಕಡೆ ನೋಡಿದರು.

‘ಮುಟ್ಟಿಲ್ಲ ಸಾ,’ ಎಂದ ಅವನು.

ತೀರ್ಪುಗಾರರು ತಲೆಯಾಡಿಸಿದರು. ಪಾಯಿಂಟು ಇಲ್ಲ.

ಮತ್ತೆ ಹೋದ. ಒಬ್ಬನ ಬೆನ್ನಿಗೆ, ಇನ್ನೊಬ್ಬನ ಮೊಣಕೈಗೆ. ‘ಮುಟ್ಟಿಲ್ಲ.’ ‘ಮುಟ್ಟೇ ಇಲ್ಲ ಸಾ.’ ಮೂರನೆಯ ಸಲ ಅವನು ಅಂಗಳದ ನಡುವೆ ಬೇಕೆಂದೇ ನಿಂತುಬಿಟ್ಟ. ಏಳು ಜನರೂ ನೀರಿನಲ್ಲಿ ಕಲ್ಲು ಬಿದ್ದಾಗ ಅಲೆ ಸರಿಯುವಂತೆ ಹಿಂದಕ್ಕೆ ಸರಿದರು. ಹಿಡಿಯುವವರು ಯಾರೂ ಇಲ್ಲ. ಉಸಿರು ಮುಗಿಯುವ ಹೊತ್ತಿಗೆ ಅವನು ನಡೆದುಕೊಂಡೇ ವಾಪಸಾದ. ಅವನ ತಂಡದವರ ನಡತೆಯಾದರೂ ಮೇಲಿತ್ತೇ? ಎದುರಾಳಿಯನ್ನು ಸುತ್ತುವರಿಯಲು ಕೈಕೈ ಹಿಡಿದು ಸರಪಳಿ ಕಟ್ಟುವಾಗ ಅವನ ಪಕ್ಕದವನು ತನ್ನ ಟವೆಲಿನ ತುದಿಯನ್ನು ಅವನಿಗೆ ಕೊಟ್ಟು, ಇನ್ನೊಂದು ತುದಿಯನ್ನು ತಾನು ಹಿಡಿದುಕೊಂಡಿದ್ದ. ಟವೆಲಿನಿಂದ ಕಟ್ಟಿದ ಸರಪಳಿ! ರಾಷ್ಟ್ರದ ಏಕತೆಯ ಚಿತ್ರವನ್ನು ಬರೆಯಬೇಕೆಂದಿದ್ದರೆ ಯಾವ ಚಿತ್ರಕಾರನಿಗೂ ಇದಕ್ಕಿಂತ ನಿಜವಾದದ್ದು ಸಿಗಲಾರದು.

ಅತಿಥಿ ನನ್ನ ಕಡೆ ಬಾಗಿ ಕೇಳಿದರು: ‘ಅವನು ಅಷ್ಟು ಒಳ್ಳೆಯ ಆಟಗಾರನೇ? ಯಾರಿಗೂ ಅವನನ್ನು ಹಿಡಿಯುವ ಧೈರ್ಯವಿಲ್ಲವಲ್ಲ?’

ಆ ಪ್ರಶ್ನೆಗೆ ಉತ್ತರ ಹೇಳುವ ಬದಲು ನಾನು ಯಜಮಾನರ ಕಡೆ ತಿರುಗಿದೆ. ‘ನೋಡುತ್ತಿದ್ದೀರಲ್ಲ ಯಜಮಾನರೇ, ಕಣ್ಣೆದುರಿಗೇ ಮುಟ್ಟುತ್ತಿದ್ದಾನೆ. ಇವರು ಇಲ್ಲ ಎನ್ನುತ್ತಿದ್ದಾರೆ. ಇದು ನ್ಯಾಯವೇ?’

ಅವರು ಕೋಪಿಸಿಕೊಳ್ಳಲಿಲ್ಲ. ಮಗುವಿಗೆ ತಿಳಿಹೇಳುವಂತೆ ಹೇಳಿದರು: ‘ಅಯ್ಯೋ, ನೀವು ಓದ್ದೋರು, ಇಷ್ಟ್ ತಿಳ್ಯಾಕಿಲ್ವಾ ಸ್ವಾಮಿ? ಮುಟ್ಟುದ ಅಂತ ಬಾಯ್ಬುಟ್ ಯೋಳುದ್ರೆ ಆ ಉಡ್ಗ ಮನೆಗ್ ಓಗಿ ತಲೆ ಮ್ಯಾಲೆ ನೀರ್ ಉಯ್ಕಬೇಕು. ಆಟದಾಗೆ ಅತ್ತ್ ಸಾರಿ ಮುಟ್ತಾನೆ. ಅತ್ತ್ ಸಾರಿ ಮೀಯಾಕಾಯ್ತದಾ? ಮುಟ್ಟಿಲ್ಲ ಅಂದ್ಬುಟ್ರೆ ಯಾರ್ಗೂ ತೊಂದ್ರೆ ಇಲ್ಲ. ಅವ್ನೂ ಆಡ್ದಂಗಾಯ್ತು, ಇವ್ರೂ ಆಡ್ದಂಗಾಯ್ತು. ನಾವೇನು ಅವುನ್ನ ಆಚೀಕ್ ಓಗು ಅಂದ್ವಾ?’

ಗಮನಿಸಿ, ಇದು ದ್ವೇಷದ ಮಾತಲ್ಲ. ಇದು ಉದಾರತೆಯೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಆಡಲು ಬಿಟ್ಟಿದ್ದೇವೆ, ಲೆಕ್ಕಕ್ಕೆ ಮಾತ್ರ ತೆಗೆದುಕೊಳ್ಳುವುದಿಲ್ಲ. ಬಾಗಿಲಲ್ಲಿ ತಡೆಯುವವನೊಡನೆ ಜಗಳವಾದರೂ ಆಡಬಹುದು. ಒಳಗೆ ಬಿಟ್ಟುಕೊಂಡು ಒಳಗೆ ಬಂದೇ ಇಲ್ಲ ಎನ್ನುವವನೊಡನೆ ಯಾವ ಜಗಳ ಆಡುವುದು? ನಗುತ್ತ ಹೇಳಿದ ಆ ಸುಳ್ಳು ಬೈಗುಳಕ್ಕಿಂತ ಕ್ರೂರವೆಂದು ನನಗೆ ಅಂದೇ ಅನ್ನಿಸಿತು.

ವಿರಾಮದಲ್ಲಿ ಯುವಕ ಕೊಡದ ನೀರಿಗೆ ಕೈಯೊಡ್ಡಿ ನಿಂತಿದ್ದ. ಮೇಲಿನಿಂದ ಹುಯ್ದ ನೀರನ್ನು ಬೊಗಸೆಯಲ್ಲಿ ಕುಡಿದ. ಒದ್ದೆ ಕೈಯನ್ನು ಒರೆಸಿಕೊಳ್ಳಲಿಲ್ಲ. ಆಟ ಮತ್ತೆ ಶುರುವಾದಾಗ ಎಂದಿನಂತೆ ನಡುಗೆರೆಗೆ ಬಾಗಿದ. ಆ ಗೆರೆಯನ್ನು ಸುಣ್ಣದ ಪುಡಿಯಲ್ಲಿ ಎಳೆದಿದ್ದರು. ಈ ಸಲ ಅವನು ಬೆರಳ ತುದಿಯಿಂದ ಮುಟ್ಟಲಿಲ್ಲ. ಎರಡೂ ಅಂಗೈಗಳನ್ನು ಚೆನ್ನಾಗಿ ಊರಿ ನಮಸ್ಕಾರ ಮಾಡಿದ. ಆಟಗಾರ ಅಂಗಳಕ್ಕೆ ನಮಸ್ಕಾರ ಮಾಡಿದರೆ ಬೇಡವೆನ್ನಲು ಯಾರಿಗೆ ಬಾಯಿ ಬರುತ್ತದೆ?

ಒಳಗೆ ಹೋದ. ಒಬ್ಬನ ಬೆನ್ನು ತಟ್ಟಿ, ಮಿಂಚಿನಂತೆ ಗೆರೆ ದಾಟಿ ಬಂದ.

‘ಮುಟ್ಟಿಲ್ಲ ಸಾ!’ ಎಂದ ಬೆನ್ನಿನವನು, ಅಭ್ಯಾಸದಂತೆ.

ಬೇಲಿಯ ಕಡೆಯಿಂದ ಯಾರೋ ಕೂಗಿದರು: ‘ಲೇ, ತಿರುಕ್ಕಳ್ಲಾ! ಬೆನ್ ಮ್ಯಾಲೆ ಐದ್ ಬೆಳ್ಳೂ ಅಚ್ಚೊತ್ತಂಗವೆ ಕಣ್ಲಾ!’

ಬೆವರಿದ ಬೆನ್ನಿನ ಮೇಲೆ ಬೆಳ್ಳಗೆ ಒಂದು ಅಂಗೈ ಮೂಡಿತ್ತು. ಇಡೀ ಬಯಲು ನಕ್ಕಿತು. ಇನ್ನೊಬ್ಬ ಕೂಗಿದ: ‘ಅವ್ರವ್ವ ಗ್ವಾಡೆಗ್ ಸುಣ್ಣ ಒಡುದ್ರೂ ಇಂಗ್ ಒಡ್ಯಾಕಿಲ್ಲ ಬುಡು!’ ಅತಿಥಿ ವಿಷಯ ಏನೆಂದು ತಿಳಿಯದಿದ್ದರೂ ಆ ಬಿಳಿಯ ಕೈಯನ್ನು ನೋಡಿ ಎದ್ದು ನಿಂತರು.

ನಾನು ಅಂಗಳದೊಳಕ್ಕೆ ನಡೆದೆ. ತೀರ್ಪುಗಾರರ ಮುಂದೆ ನಿಂತು, ಕಾಲೇಜಿನ ವೇದಿಕೆಯಲ್ಲಿ ಕಲಿತದ್ದನ್ನೆಲ್ಲ ಒಟ್ಟುಮಾಡಿ ಹೇಳಿದೆ: ‘ಸ್ವಾಮಿ, ಇಲ್ಲಿಯವರೆಗೆ ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ಎದುರಾಗಿತ್ತು, ನೀವು ಒಂದನ್ನು ನಂಬಿದಿರಿ. ಈಗ ಮಾತಿನ ಎದುರಿಗೆ ಸಾಕ್ಷಿ ನಿಂತಿದೆ. ಆ ಬೆನ್ನಿನ ಮೇಲಿರುವುದು ಕೈಯಲ್ಲವಾದರೆ ಏನೆಂದು ಹೇಳಿ. ಕೈಯಾದರೆ ಪೀಪಿ ಊದಿ.’

ಅವರು ಯಜಮಾನರ ಕಡೆ ನೋಡಿದರು. ಜನರ ಕಡೆ ನೋಡಿದರು. ಕೊನೆಗೆ ಪೀಪಿ ಊದಿದರು. ಔಟು.

ಬೆನ್ನಿನವನಿಗೇ ನಗು ಬಂದಿತ್ತು. ತಲೆ ತಗ್ಗಿಸಿಕೊಂಡು ಅಂಗಳದ ಆಚೆ ಹೊರಟ. ಅವನೊಬ್ಬನಿದ್ದಿದ್ದರೆ ಆಟ ಮುಂದುವರಿಯುತ್ತಿತ್ತೋ ಏನೋ. ಆದರೆ ಅವರ ನಾಯಕ, ‘ಸುಣ್ಣ ಬಳ್ಕಂಡ್ ಆಡಾದು ಯಾವ್ ರೂಲು? ನಡೀರ್ಲಾ!’ ಎಂದು ಎಲ್ಲರನ್ನೂ ಕರೆದುಕೊಂಡು ಹೊರಟೇಬಿಟ್ಟ. ನಮ್ಮ ತಂಡದವರೂ ಟವೆಲು ಹೆಗಲಿಗೆ ಹಾಕಿಕೊಂಡು ಬದಿಗೆ ಸರಿದರು. ನಡುವೆ ಉಳಿದವನು ಒಬ್ಬನೇ. ಎರಡೂ ಅಂಗೈ ಬಿಳಿ ಮಾಡಿಕೊಂಡು, ಇನ್ನೂ ಏದುಸಿರು ಬಿಡುತ್ತ.

‘ಒಂದ್ ಪಾಯಿಂಟ್ ಬಂತಲ್ಲ ಸಾ,’ ಎಂದ.

ಅದೂ ಉಳಿಯಲಿಲ್ಲ. ಸಂಜೆಯೇ ಸಮಿತಿ ಸೇರಿ, ಮುಗಿಯದ ಪಂದ್ಯವನ್ನು ರದ್ದು ಮಾಡಿತು. ರದ್ದಾದ ಪಂದ್ಯದ ಪಾಯಿಂಟೂ ರದ್ದು. ತಾಲ್ಲೂಕಿನ ತಂಡದ ಹೆಸರುಗಳನ್ನು ಓದಿದಾಗ ಅವನ ಹೆಸರಿರಲಿಲ್ಲ. ಬೆನ್ನಿನ ಮೇಲೆ ಅಂಗೈ ಮೂಡಿದವನ ಹೆಸರಿತ್ತು.

ಹಿಂತಿರುಗುವಾಗ ಬಸ್ಸಿನಲ್ಲಿ ಅತಿಥಿಗೆ ಎಲ್ಲವನ್ನೂ ವಿವರಿಸಿದೆ. ಆತ, ‘ನಮ್ಮಲ್ಲಿ ಬಿಳಿಯರ ಕ್ಲಬ್ಬಿನ ಮೈದಾನಕ್ಕೆ ನಾವು ಕಾಲಿಡುವಂತಿರಲಿಲ್ಲ. ಬೇಲಿ ಇತ್ತು. ಬೇಲಿಯನ್ನು ಕಿತ್ತೆವು. ನಿಮ್ಮದನ್ನು ಎಲ್ಲಿಂದ ಕೀಳುತ್ತೀರಿ?’ ಎಂದರು. ಹೀಯಾಳಿಸಿ ಕೇಳಿದ್ದಲ್ಲ. ತಮ್ಮ ದೇಶದಲ್ಲೂ ಮೈದಾನವೆಲ್ಲ ರಾಜಧಾನಿಯಲ್ಲಿ, ಹಳ್ಳಿಗೆ ಬರುವುದು ಭಾಷಣ ಮಾತ್ರ ಎಂದು ಅವರೇ ನಿಟ್ಟುಸಿರು ಬಿಟ್ಟರು. ಹಾಸನದಲ್ಲಿ ಇಳಿದಾಗ ನನ್ನ ಕೈ ಕುಲುಕಿ ಬೆಂಗಳೂರಿನ ಬಸ್ಸು ಹತ್ತಿದರು.

ನಾನು ಸುಮ್ಮನೆ ಕೂರಲಿಲ್ಲ. ಜಿಲ್ಲೆಯ ಕ್ರೀಡಾಕೂಟಕ್ಕೆ ಗಣ್ಯರೆಲ್ಲ ಸೇರಿ ಒಂದು ಮಂಡಳಿ ರಚಿಸಿಕೊಂಡಿದ್ದರು. ಅವರ ಸಭೆಗೆ ಹೋಗಿ ಅವಕಾಶ ಬೇಡಿದೆ. ಪಂದ್ಯವನ್ನು ಮತ್ತೆ ಆಡಿಸಿ, ಹೊರಗಿನ ತೀರ್ಪುಗಾರರನ್ನು ಹಾಕಿ, ಮುಟ್ಟಿದ್ದನ್ನು ಆಟಗಾರ ಒಪ್ಪಲಿ ಬಿಡಲಿ ತೀರ್ಪುಗಾರರ ಕಣ್ಣೇ ಪ್ರಮಾಣವಾಗಲಿ ಎಂದು ಕೇಳಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ಕಾಫಿ ಕೊಡಿಸಿದರು. ಆಮೇಲೆ ಪರಿಹಾರವನ್ನು ಘೋಷಿಸಿದರು: ಮುಂದಿನ ವರ್ಷದಿಂದ ಗ್ರಾಮೀಣ ಕ್ರೀಡಾಕೂಟದಲ್ಲಿ ಕಬಡ್ಡಿಯೇ ಬೇಡ, ಅದರ ಬದಲು ವಾಲಿಬಾಲ್.

‘ನಡುವೆ ಬಲೆ ಇರುತ್ತಲ್ಲ,’ ಎಂದರು ಒಬ್ಬ ಸದಸ್ಯರು, ತುಂಬ ಸಮಾಧಾನದಿಂದ. ‘ಇವರು ಈ ಕಡೆ, ಅವರು ಆ ಕಡೆ. ಮುಟ್ಟೋ ಪ್ರಶ್ನೇನೇ ಬರಲ್ಲ. ಎಲ್ಲರೂ ಆಡಬಹುದು. ಆಧುನಿಕವಾದ ಆಟ ಬೇರೆ.’

‘ಹಾಗಾದರೆ ರೋಗಕ್ಕೆ ಔಷಧವಲ್ಲ, ಪರದೆ,’ ಎಂದೆ.

‘ನಿಮ್ಮ ಚರ್ಚಾಕೂಟದ ಮಾತು ಚೆನ್ನಾಗಿದೆ,’ ಎಂದು ನಕ್ಕರು.

ಇಷ್ಟೇ ಆಗಿದ್ದರೆ ಒಂದು ಮೂರ್ಖ ನಿರ್ಣಯವೆಂದು ಮರೆಯಬಹುದಿತ್ತು. ಆದರೆ ಅದೇ ಸಭೆಯ ಮುಂದಿನ ವಿಷಯ ದಕ್ಷಿಣ ಆಫ್ರಿಕ. ಅಲ್ಲಿಯ ಸರ್ಕಾರ ಕರಿಯರನ್ನು ಬೇರೆ ಇಟ್ಟು, ಬಿಳಿಯರನ್ನು ಮಾತ್ರ ಆರಿಸಿ ತಂಡ ಕಟ್ಟುವುದನ್ನು ಖಂಡಿಸಿ ಒಂದು ನಿರ್ಣಯ ಮಾಡಬೇಕೆಂದು ಗಣ್ಯರು ಬಯಸಿದ್ದರು. ‘ಆಫ್ರಿಕದ ವಿಷಯ ನಿಮಗೆ ಚೆನ್ನಾಗಿ ಗೊತ್ತಲ್ಲ, ನೀವೇ ಬರೆದುಕೊಡಿ’ ಎಂದು ಲೇಖನಿಯನ್ನು ನನ್ನ ಕಡೆ ಸರಿಸಿದರು.

ಬರೆಯುತ್ತೇನೆ ಎಂದೆ, ಆದರೆ ಎರಡನೆಯ ವಾಕ್ಯವೊಂದು ಸೇರಬೇಕು. ‘ಇಂಥ ಭೇದವನ್ನು ನಮ್ಮ ಜಿಲ್ಲೆಯ ಅಂಗಳಗಳಲ್ಲಿಯೂ ಈ ಸಭೆ ಸಹಿಸುವುದಿಲ್ಲ.’ ಅಷ್ಟೇ. ಅಧ್ಯಕ್ಷತೆ ವಹಿಸಿದ್ದವರು, ‘ಅದು ಅಂತರರಾಷ್ಟ್ರೀಯ ವಿಷಯ. ಇದು ಸ್ಥಳೀಯ. ಎರಡನ್ನೂ ಕಲಸಬಾರದು’ ಎಂದರು. ಲೇಖನಿಯನ್ನು ಅವರ ಕಡೆಗೇ ಸರಿಸಿ ಎದ್ದು ಬಂದೆ. ನಿರ್ಣಯವನ್ನು ಬೇರೆ ಯಾರೋ ಬರೆದರು. ಸರ್ವಾನುಮತದಿಂದ ಅಂಗೀಕಾರವಾಯಿತೆಂದು ಆಮೇಲೆ ತಿಳಿಯಿತು. ಸಾವಿರಾರು ಮೈಲಿ ದೂರದ ಅನ್ಯಾಯಕ್ಕೆ ಎಷ್ಟು ಸುಲಭವಾಗಿ ನಮ್ಮ ಹೃದಯ ಕರಗುತ್ತದೆ! ಅದನ್ನು ಖಂಡಿಸಬಾರದೆಂದು ನಾನು ಹೇಳುತ್ತಿಲ್ಲ, ಖಂಡಿಸಲೇಬೇಕು. ಆದರೆ ಖಂಡಿಸುವ ಬಾಯಿ ಮನೆಯ ಮುಂದಿನ ಬಯಲಿಗೆ ಬಂದಾಗ ‘ಮುಟ್ಟಿಲ್ಲ’ ಎಂದರೆ, ಅದು ಖಂಡನೆಯಲ್ಲ, ಬಾಯಿ ಮುಕ್ಕಳಿಸಿದ್ದು.

ಆ ವರ್ಷ ಅವನಿಗೆ ತರಬೇತಿ ಸಿಗಲಿಲ್ಲ. ವಯಸ್ಸು ಮೀರಿತು. ಹೊಳೆನರಸೀಪುರದ ಬಳಿ ರಸ್ತೆಯ ಕೆಲಸಕ್ಕೆ ಸೇರಿಕೊಂಡ. ನಾನು ಊರಿಗೆ ಹೋದಾಗಲೆಲ್ಲ ಅವನನ್ನು ಕಾಣುತ್ತಿದ್ದೆ. ಒಮ್ಮೆ, ‘ಚನ್ನರಾಯಪಟ್ಟಣದ ಕಡೆ ಕೆಲವು ಶಾಲೆಯ ಮೇಷ್ಟ್ರುಗಳು ಸೇರಿ ಕಬಡ್ಡಿ ಆಡಿಸುತ್ತಾರಂತೆ, ಬರುತ್ತೀಯಾ?’ ಎಂದೆ.

‘ಸರ್ಟಿಪಿಕೇಟ್ ಕೊಡ್ತಾರಾ ಸಾ?’

‘ಇಲ್ಲ.’

‘ಮತ್ತೆ ಯಾಕ್ ಸಾ?’ ಎಂದ. ಆದರೂ ಬಂದ.

ಆ ಮೇಷ್ಟ್ರುಗಳು ಆಫ್ರಿಕದ ಯಾವ ಭಾಷಣವನ್ನೂ ಕೇಳಿರಲಿಲ್ಲ. ಆದರೂ ತಮ್ಮದೇ ಒಂದು ನಿಯಮ ಇಟ್ಟುಕೊಂಡಿದ್ದರು: ಮುಟ್ಟಿಸಿಕೊಂಡವನು ತಾನೇ ಕೈ ಎತ್ತಿ ‘ಮುಟ್ಟಿದ’ ಎಂದು ಗಟ್ಟಿಯಾಗಿ ಹೇಳಬೇಕು, ಮುಚ್ಚಿಟ್ಟದ್ದು ಕಂಡರೆ ಅವನ ಜೊತೆಗೆ ಅವನ ನಾಯಕನೂ ಔಟು. ನಾಯಕ ಔಟಾಗುತ್ತಾನೆಂದರೆ ತಂಡದವರೇ ಸುಳ್ಳು ಹೇಳಲು ಬಿಡುತ್ತಿರಲಿಲ್ಲ. ಎಲ್ಲ ಕೇರಿಯವರೂ ಬೆರೆತ ತಂಡಗಳು. ಮೊದಮೊದಲು ಬೈಗುಳ ತಿಂದೆವು, ಒಂದೆರಡು ಊರಿನವರು ಬರುವುದನ್ನೇ ಬಿಟ್ಟರು, ಈಗ ಬರುತ್ತಾರೆ ಎಂದು ಅವರು ಸರಳವಾಗಿ ಹೇಳಿದರು.

ನಮ್ಮವನು ಒಳಗೆ ಹೋದ. ಒಬ್ಬನ ಮಂಡಿಗೆ ಕೈ ತಗುಲಿತು. ‘ಮುಟ್ಟುದ!’ ಎಂದು ಅವನು ತಕ್ಷಣ ಕೈ ಎತ್ತಿದ. ಆ ಒಂದು ಮಾತು ಕೇಳಿ ನಮ್ಮವನು ಒಂದು ಗಳಿಗೆ ತಬ್ಬಿಬ್ಬಾಗಿ ನಿಂತುಬಿಟ್ಟ. ಆ ಗಳಿಗೆ ಸಾಕಾಯಿತು. ಉಳಿದವರೆಲ್ಲ ಒಟ್ಟಿಗೆ ಅವನ ಮೇಲೆ ಬಿದ್ದರು. ಸೊಂಟ ಹಿಡಿದವನೊಬ್ಬ, ಕಾಲು ಹಿಡಿದವನೊಬ್ಬ, ಕುತ್ತಿಗೆಗೆ ತೋಳು ಹಾಕಿದವನೊಬ್ಬ. ಮಣ್ಣಿನಲ್ಲಿ ಹೊರಳಾಡಿದರು. ಗೆರೆ ಮುಟ್ಟಲು ಗೇಣು ದೂರ ಇರುವಾಗ ಅವನ ಉಸಿರು ಮುರಿಯಿತು.

ಎದ್ದ. ಮೈಯೆಲ್ಲ ಮಣ್ಣು, ಮೊಣಕೈ ತರಚಿತ್ತು. ನನ್ನ ಕಡೆ ಓಡಿ ಬಂದು ಕೂಗಿದ:

‘ಇಡುದ್ರು ಸಾ! ನನ್ನುನ್ನ ಇಡುದ್ರು! ಔಟಾಗೋದೆ ಸಾ, ಔಟು!’

ಔಟಾದದ್ದಕ್ಕೆ ಹಾಗೆ ನಲಿದಾಡಿದ ಆಟಗಾರನನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಅವನನ್ನು ಹಿಡಿದಿದ್ದ ಹುಡುಗನೊಬ್ಬ, ‘ಯಾಕ್ಲಾ, ತಲೆಗಿಲೆ ಕೆಟ್ಟದಾ? ಔಟಾದ್ರೆ ಕುಣೀತಾವ್ನೆ!’ ಎಂದು ಅವನ ಬೆನ್ನಿಗೆ ಗುದ್ದಿದ. ಅವನು ತಿರುಗಿ ಗುದ್ದಿದ. ಇಬ್ಬರೂ ನಗುತ್ತ ಅಂಗಳದ ಆಚೆ ಕೂತರು.

ನಾನು ನಗಲಿಲ್ಲ. ನನಗೆ ಸಿಟ್ಟು ಬಂದಿತ್ತು, ಹಿಂದೆಂದಿಗಿಂತ ಹೆಚ್ಚು. ಒಂದು ನಿಯಮ, ಒಂದೇ ಒಂದು ನಿಯಮ, ನಾಲ್ಕು ಜನ ಮೇಷ್ಟ್ರುಗಳು ಮನಸ್ಸು ಮಾಡಿ ಪಾಲಿಸಿದ ನಿಯಮ, ಇದನ್ನು ಸಾಧಿಸಬಲ್ಲದಾಗಿದ್ದರೆ, ಇಷ್ಟು ವರ್ಷ ನಮ್ಮ ಗಣ್ಯರು ಏನು ಮಾಡುತ್ತಿದ್ದರು? ಡ್ರಿಲ್ ಮೇಷ್ಟ್ರಾಗಿ ನೂರಾರು ಮಕ್ಕಳಿಗೆ ಉಸಿರು ಹಿಡಿಯುವುದನ್ನು ಕಲಿಸಬೇಕಾಗಿದ್ದವನು ಇಂದೂ ಜಲ್ಲಿ ಹೊರುತ್ತಿದ್ದಾನೆ. ಆ ಶಾಲೆಗಳಿಗೆ ಆದ ನಷ್ಟವನ್ನು ಯಾವ ಯೋಜನೆಯ ವರದಿ ಹೇಳುತ್ತದೆ? ರಾಷ್ಟ್ರದ ಅಭಿವೃದ್ಧಿಗೆ ಕ್ರೀಡೆ ಸಾಧನವೆಂಬುದು ಆಫ್ರಿಕಕ್ಕೂ ನಿಜ, ಅರಕಲಗೂಡಿಗೂ ನಿಜ. ಆದರೆ ಗುದ್ದಲಿಯೂ ಸಾಧನವೇ. ಅದರಿಂದ ಕಾಲುವೆಯನ್ನೂ ತೋಡಬಹುದು, ಗುಂಡಿಯನ್ನೂ ತೋಡಬಹುದು.

ಬಲೆ ಕಟ್ಟಿದ ಆಟದ ಮೇಲೆ ನನಗೆ ದ್ವೇಷವಿಲ್ಲ. ಮುಟ್ಟುವ ಆಟಕ್ಕೆ ಹೆದರಿ ಅದನ್ನು ತಂದವರ ಮೇಲೆ ಇದೆ. ನಮ್ಮ ಸೀಮೆಯ ಹಲವು ಗ್ರಾಮೀಣ ಕ್ರೀಡಾಕೂಟಗಳಲ್ಲಿ ಇಂದಿಗೂ ಕಬಡ್ಡಿ ಇಲ್ಲ. ಯಾಕಿಲ್ಲವೆಂದು ಕೇಳಿದರೆ ‘ಸಮಯ ಸಾಲದು’ ಎನ್ನುತ್ತಾರೆ.

ಆದ್ದರಿಂದ ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ಸಲ ನಿಮ್ಮ ತಾಲ್ಲೂಕಿನ ಕ್ರೀಡಾಕೂಟದ ಸಭೆ ಕರೆದಾಗ ದಯವಿಟ್ಟು ಹೋಗಿ. ಕಬಡ್ಡಿ ಇದೆಯೇ ಎಂದು ಎದ್ದುನಿಂತು ಕೇಳಿ; ಇಲ್ಲದಿದ್ದರೆ ಸೇರಿಸಿ ಎಂದು ಅರ್ಜಿ ಕೊಟ್ಟು ಬನ್ನಿ. ಪಂದ್ಯದ ದಿನ ಊರಿನವರೂ ಕೇರಿಯವರೂ ಕೂಡಿ ಆಡುವಂತೆ ನೋಡಿಕೊಳ್ಳಿ, ಮತ್ತು ಆಟ ಮುಗಿಯುವವರೆಗೆ ಅಂಗಳದ ಪಕ್ಕದಲ್ಲೇ ಇರಿ.